ನೋಟಿನ ಮೇಲೆ ಉಳಿದ ಸಹಿ: ಸರ್ ಬೆನೆಗಲ್ ರಾಮರಾವ್

ಹಳೆಯ ನೋಟುಗಳ ಸಂಗ್ರಾಹಕರು ನೋಟು ಕೈಗೆ ಬಂದೊಡನೆ ನೋಡುವುದು ಅದರ ಮೇಲಿನ ಸಹಿಯನ್ನು. ರಿಸರ್ವ್ ಬ್ಯಾಂಕಿನ ಹಿಂದಿನ ನೋಟುಗಳಲ್ಲಿ ಮುದ್ರಣದ ಇಸವಿ ಇರುತ್ತಿರಲಿಲ್ಲವಾದ್ದರಿಂದ ಗವರ್ನರರ ಸಹಿಯೇ ಕಾಲನಿರ್ಣಯಕ್ಕೆ ಆಧಾರ. ಗಣರಾಜ್ಯದ ಮೊದಲ ನೋಟುಗಳ ಮೇಲಿರುವುದು ಮಂಗಳೂರು ಮೂಲದ ಸರ್ ಬೆನೆಗಲ್ ರಾಮರಾವ್ ಅವರ ಸಹಿ.

1889ರಲ್ಲಿ ಜನಿಸಿದ ರಾಮರಾವ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಐ.ಸಿ.ಎಸ್. ಸೇರಿದರು. ಸಂವಿಧಾನ ರಚನಾ ಸಭೆಯ ಸಲಹೆಗಾರ ಬಿ.ಎನ್. ರಾವ್ ಹಾಗೂ ಪತ್ರಕರ್ತ ಬಿ. ಶಿವರಾವ್ ಇವರ ಸಹೋದರರು. ದಕ್ಷಿಣ ಆಫ್ರಿಕಾ, ಜಪಾನ್ ಮತ್ತು ಅಮೆರಿಕದಲ್ಲಿ ಭಾರತವನ್ನು ಪ್ರತಿನಿಧಿಸಿದ ಬಳಿಕ, 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಹುದ್ದೆ ವಹಿಸಿಕೊಂಡರು.

1950ರಲ್ಲಿ 2, 5, 10 ಮತ್ತು 100 ರೂಪಾಯಿ ನೋಟುಗಳಿಂದ ಆರನೇ ಜಾರ್ಜ್ ದೊರೆಯ ಚಿತ್ರ ಮರೆಯಾಗಿ ಅಶೋಕ ಸ್ತಂಭ ಬಂತು. 1953ರಲ್ಲಿ ನೋಟಿನ ಮೇಲೆ ಹಿಂದಿಗೆ ಪ್ರಾಮುಖ್ಯ ದೊರೆತಾಗ, ಬಹುವಚನ 'ರುಪಯಾ' ಅಲ್ಲ, 'ರುಪಯೇ' ಎಂದು ತೀರ್ಮಾನವಾಯಿತು. ಈ ಒಂದಕ್ಷರದ ವ್ಯತ್ಯಾಸವೂ ಸಂಗ್ರಾಹಕರಿಗೆ ಮುಖ್ಯ. 1954ರಲ್ಲಿ 1000, 5000 ಮತ್ತು 10,000 ರೂಪಾಯಿ ನೋಟುಗಳು ಮರಳಿ ಬಂದವು. 1978ರ ಜನವರಿಯಲ್ಲಿ ಅವು ರದ್ದಾದವು. ಈಗ ಅವುಗಳಿಗೆ ಬೆಲೆ ಇರುವುದು ಸಂಗ್ರಾಹಕರಲ್ಲಿ ಮಾತ್ರ. ಮಡಿಕೆ, ಕಲೆ, ಪಿನ್ನಿನ ರಂಧ್ರಗಳಿದ್ದರೆ ಆ ಬೆಲೆಯೂ ಇಳಿಯುತ್ತದೆ. ಒಂದು ರೂಪಾಯಿ ನೋಟಿನಲ್ಲಿ ರಾಮರಾವ್ ಸಹಿ ಹುಡುಕುವುದು ವ್ಯರ್ಥ. ಅದಕ್ಕೆ ಸಹಿ ಹಾಕುವವರು ಹಣಕಾಸು ಕಾರ್ಯದರ್ಶಿ.

ಇಂಪೀರಿಯಲ್ ಬ್ಯಾಂಕ್ 1955ರಲ್ಲಿ ಸ್ಟೇಟ್ ಬ್ಯಾಂಕ್ ಆದದ್ದು ಇವರ ಅವಧಿಯಲ್ಲೇ. ಆದರೆ 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ವಾಣಿಜ್ಯ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಿದಾಗ ವಿರಸ ತಲೆದೋರಿತು. ಇದರಿಂದ ಬಡ್ಡಿದರವೇ ಏರಿದಂತಾಗಿ, ಬ್ಯಾಂಕಿನ ಅಧಿಕಾರ ಮೊಟಕಾಗುತ್ತದೆ ಎಂಬುದು ರಾಮರಾವ್ ಅವರ ಆಕ್ಷೇಪ. ಪ್ರಧಾನಿ ನೆಹರೂ ಸಚಿವರ ಪರ ನಿಂತರು. ರಾಮರಾವ್ ರಾಜೀನಾಮೆ ಸಲ್ಲಿಸಿ, 1957ರ ಜನವರಿ 14ರಂದು ನಿರ್ಗಮಿಸಿದರು. ಏಳೂವರೆ ವರ್ಷಗಳ ಅವರ ಅವಧಿಯೇ ಇಂದಿಗೂ ಗವರ್ನರರ ಪೈಕಿ ಅತಿ ದೀರ್ಘವಾದುದು.

ತೆರವಾದ ಸ್ಥಾನದಲ್ಲಿ ಫೆಬ್ರವರಿ ಅಂತ್ಯದವರೆಗೆ ಹಂಗಾಮಿಯಾಗಿದ್ದ ಕೆ.ಜಿ. ಅಂಬೇಗಾಂವ್ಕರ್ ಅವರ ಸಹಿ ಗವರ್ನರರಾಗಿ ಯಾವ ನೋಟಿನ ಮೇಲೂ ಬರಲಿಲ್ಲ. ಹೀಗಾಗಿ ಸಂಗ್ರಾಹಕರ ಆಲ್ಬಂಗಳಲ್ಲಿ ರಾಮರಾವ್ ಸಹಿಯ ನಂತರ ಎಚ್.ವಿ.ಆರ್. ಅಯ್ಯಂಗಾರ್ ಅವರ ಸಹಿಯೇ ಬರುತ್ತದೆ. ರಾಮರಾವ್ 1969ರಲ್ಲಿ ನಿಧನರಾದರು. ಅವರು ಹುದ್ದೆ ತೊರೆದ ಕಾರಣವನ್ನು ಯಾವ ನೋಟೂ ಹೇಳುವುದಿಲ್ಲ. ಸಹಿ ಬದಲಾದದ್ದನ್ನು ಮಾತ್ರ ತೋರಿಸುತ್ತದೆ.