ಇಂಗ್ಲಿಷ್ ಹೈಸ್ಕೂಲಿಗೆ ಹೋದ ನಮ್ಮ ಕಡೆಯ ಹುಡುಗ

ಕುವೆಂಪು ಅಂದ ಕೂಡಲೇ ನಮಗೆಲ್ಲ ಕನ್ನಡ ನೆನಪಾಗುತ್ತದೆ. ಆದರೆ ಅವರ ಮೊದಲನೇ ಪುಸ್ತಕ ಕನ್ನಡದ್ದಲ್ಲ, ಇಂಗ್ಲಿಷಿನದು! ನಿಮಗೆ ಗೊತ್ತಿತ್ತಾ? ನನಗಂತೂ ಗೊತ್ತಿರಲಿಲ್ಲ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಮೊದಲು ಮನೆಯಲ್ಲೇ ದಕ್ಷಿಣ ಕನ್ನಡದಿಂದ ಬಂದ ಐಗಳು ಪಾಠ ಹೇಳಿಕೊಟ್ಟರು. ಆಮೇಲೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ ಸೇರಿದರು, ಅಂದರೆ ಇಂಗ್ಲಿಷೂ ಕನ್ನಡವೂ ಎರಡೂ ಇದ್ದ ಶಾಲೆ. ಹನ್ನೆರಡು ವರ್ಷದವರಿದ್ದಾಗ ತಂದೆ ತೀರಿಹೋದರು. ಆದರೂ ಓದು ನಿಲ್ಲಲಿಲ್ಲ.

ಹೈಸ್ಕೂಲಿಗೆ ದೂರದ ಮೈಸೂರಿಗೇ ಹೋದರು. ಅದು ವೆಸ್ಲಿಯನ್ ಮಿಷನ್ ಹೈಸ್ಕೂಲು, ಇಂಗ್ಲೆಂಡಿನ ಕ್ರೈಸ್ತ ಮಿಷನರಿಗಳದ್ದು. ಹಾರ್ಡ್ವಿಕ್ ಶಾಲೆ ಅಂತ ಈಗ ಕರೆಯುವುದು ಅದನ್ನೇ. ಕಾಡಿನ ನಡುವೆ ಬೆಳೆದ ಹುಡುಗನಿಗೆ ಅಲ್ಲಿ ಇಂಗ್ಲಿಷ್ ಕವಿಗಳ ಹುಚ್ಚು ಹಿಡಿಯಿತು. ತಾನೂ ಇಂಗ್ಲಿಷಿನಲ್ಲೇ ಪದ್ಯ ಬರೆದ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅನ್ನುವ ಪುಸ್ತಕ ಅಚ್ಚಾಗಿ ಬಂತು. ಆಗ ಇನ್ನೂ ಹದಿನೆಂಟು ತುಂಬುವ ವಯಸ್ಸು!

1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಪುಟ್ಟಪ್ಪನವರು ಆಸೆಯಿಂದ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ಅವರು ಹೊಗಳಲಿಲ್ಲ. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಅಂತ ವಿಚಾರಿಸಿ, ಅದರಲ್ಲೇ ಬರೆಯಿರಿ ಅಂದುಬಿಟ್ಟರು. ಪಾಪ, ಪುಟ್ಟಪ್ಪನವರಿಗೆ ಮೊದಲು ಬೇಜಾರೇ ಆಯಿತು. ಇಂಗ್ಲಿಷಿನವರೇ ಕನ್ನಡದಲ್ಲಿ ಬರಿ ಅಂದರೆ ಯಾರಿಗಾದರೂ ಹಾಗೇ ಅಲ್ವಾ? ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುವವರನ್ನು ಕಂಡರೆ ನಮಗೂ ಒಳಗೊಳಗೇ ಹೊಟ್ಟೆಕಿಚ್ಚು ಇದ್ದೇ ಇದೆ. ಆದರೆ ಅವರು ಕನ್ನಡಕ್ಕೆ ತಿರುಗಿದರು.

ಹಾಗಂತ ಕಲಿತ ಇಂಗ್ಲಿಷನ್ನು ಬಿಸಾಕಲಿಲ್ಲ. ನಾವು ಕುಣಿದು ಹಾಡುವ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೆಯಲ್ಲ, ಅದರ ಮೂಲ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯ. ಆ ಕಥೆ ನಡೆಯುವುದು ಜರ್ಮನಿಯ ಹ್ಯಾಮಲಿನ್ ಊರಿನಲ್ಲಿ, ವೇಸರ್ ನದಿ ಹತ್ತಿರ. ಕುವೆಂಪು ಇಡೀ ಊರನ್ನೇ, ಇಲಿಗಳ ಸಮೇತ, ನಮ್ಮ ತುಂಗೆಯ ದಡಕ್ಕೆ ತಂದಿಟ್ಟರು!

1929ರಲ್ಲಿ ಎಂ.ಎ. ಮುಗಿಸಿ ಮಹಾರಾಜ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದರು. ಮುಂದೆ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರ್. 'ಶ್ರೀ ರಾಮಾಯಣ ದರ್ಶನಂ' ಕಾವ್ಯದಿಂದ ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂತು.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಆದದ್ದು ಕುಪ್ಪಳಿಯ ಕವಿಶೈಲದಲ್ಲಿ. ನಮ್ಮ ಕಡೆಯಿಂದ ಕೊಪ್ಪದ ಮೇಲೆ ಹೋದರೆ ಕುಪ್ಪಳಿ ಬಹಳ ದೂರವಿಲ್ಲ. ಈ ಸಲದ ಪ್ರವಾಸಕ್ಕೆ ಅಲ್ಲಿಗೇ ಕರ್ಕೊಂಡು ಹೋಗಿ ಸಾರ್ ಅಂತ ಕೇಳಿದ್ದೇವೆ. ನೋಡೋಣ ಅಂದಿದ್ದಾರೆ.