ಅವ್ವನಿಗೆ ಕಣ್ಣು ಕೊಟ್ಟ ಮೋದಿ

ಗಂಗಾವತಿ ತಾಲೂಕಿನ ಶ್ರೀರಾಮನಗರಕ್ಕೆ ಭತ್ತದ ಬೆಲೆ ಬಗ್ಗೆ ಬರೆಯೋಕೆ ಹೋಗಿದ್ದೆ. ಚಹಾ ಅಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು, ತಮ್ಮ ಅವ್ವನಿಗೆ ಕಣ್ಣು ಕೊಟ್ಟವರು ಮೋದಿ ಅಂದರು. ನಾನು ರಾಜಕೀಯದ ಮಾತು ಅಂದ್ಕೊಂಡು ನೋಟ್‌ಬುಕ್ ತೆಗೆದೆ. ಅವರು ನಕ್ಕುಬಿಟ್ಟರು. ಅವರು ಹೇಳ್ತಿದ್ದದ್ದು ಡಾ. ಎಂ.ಸಿ. ಮೋದಿ ವಿಷಯ. ನನ್ನ ವಯಸ್ಸಿನ ಬೆಂಗಳೂರಿಗರಿಗೆ ಆ ಹೆಸರು ಒಂದು ಆಸ್ಪತ್ರೆ, ಒಂದು ರಸ್ತೆ, ಅಷ್ಟೇ.

ಮುರುಗಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದವರು. ಹಳ್ಳಿ ಕಡೆಯ ಹುಡುಗ ಡಾಕ್ಟರಾದರೆ ಪೇಟೆಯಲ್ಲಿ ಕ್ಲಿನಿಕ್ ಹಾಕೋದು ವಾಡಿಕೆ. ಇವರು ಉಲ್ಟಾ ಹೊರಟರು. 1943ರಿಂದ ಊರೂರು ತಿರುಗಿ ಉಚಿತ ಶಿಬಿರ ನಡೆಸಿದರು.

ಅವರಿಗೆ ಅರ್ಥವಾಗಿದ್ದ ಸಂಗತಿ ಸರಳ. ಕಣ್ಣಿನ ಪೊರೆ ತೆಗೆಯೋದು ದೊಡ್ಡ ಕೆಲಸವಲ್ಲ. ಆಗ ಮಸೂರವನ್ನೇ ತೆಗೆದು ದಪ್ಪ ಕನ್ನಡಕ ಕೊಡ್ತಿದ್ದರು. ಕಷ್ಟ ಇದ್ದದ್ದು ಕುರುಡಾದ ಬಡವರು ಆಸ್ಪತ್ರೆ ತಲುಪೋದರಲ್ಲಿ. ಕೈಹಿಡಿದು ಕರ್ಕೊಂಡು ಹೋಗೋಕೆ ಇನ್ನೊಬ್ಬರು ಬೇಕು, ಅವರ ಕೂಲಿಯೂ ಹೋಯ್ತು. ಹಾಗಾಗಿ ಮೋದಿ ಆಸ್ಪತ್ರೆಯನ್ನೇ ರೋಗಿಯ ಊರಿಗೆ ಒಯ್ದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ತೀರಿಕೊಂಡದ್ದು 2005ರಲ್ಲಿ.

ಎಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕದೆ ಇರೋಕಾಗಲ್ಲ. ಗಿನ್ನೆಸ್ ದಾಖಲೆಯ ಪ್ರಕಾರ 1993ರ ಫೆಬ್ರುವರಿವರೆಗೆ ಅವರು ಹೋದ ಹಳ್ಳಿ 46,120, ನೋಡಿದ ರೋಗಿಗಳು 1,21,18,630, ಮಾಡಿದ ಆಪರೇಷನ್ 6,10,564. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದೂ ಉಂಟು. ಎಲ್ಲರೂ ಹೇಳೋದು ಈ 833ರ ಕಥೆಯನ್ನೇ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ: ಒಂದು ಆಪರೇಷನ್ನಿಗೆ ಸುಮಾರು 20 ಜನರ ಕಣ್ಣು ನೋಡಿದ್ದಾರೆ. ಅಂದರೆ ಅವರ ಬದುಕಿನ ಬಹುಪಾಲು ಕತ್ತರಿ ಹಿಡಿದದ್ದಲ್ಲ, ಹುಡುಕಿದ್ದು.

ಒಂದು ಪ್ರಶ್ನೆಯನ್ನೂ ಕೇಳಲೇಬೇಕು. ನಿಮಿಷಕ್ಕೊಂದರಂತೆ ಮಾಡಿದರೂ 833ಕ್ಕೆ ಸುಮಾರು 14 ಗಂಟೆ ಬೇಕು. ಈ ವೇಗದಲ್ಲಿ ಸೋಂಕಿನ ಭಯ ಇಲ್ವಾ, ಆಮೇಲೆ ಆ ಕಣ್ಣುಗಳನ್ನು ಯಾರು ನೋಡ್ತಾರೆ? ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ, ಮೋದಿ ಹಳ್ಳಿ ಸುತ್ತೋಕೆ ಶುರುಮಾಡಿ 33 ವರ್ಷದ ಮೇಲೆ. ಮುಂದೆ ಆಪರೇಷನ್ ಡೇರೆಯಿಂದ ಆಸ್ಪತ್ರೆಗೆ ಬಂತು, ಒಳಗೆ ಕೃತಕ ಮಸೂರ ಇಡೋದೂ ಬಂತು. ಇದು ಸರಿಯಾದ ದಾರಿಯೇ. ಒಬ್ಬ ಮಹಾನುಭಾವ ಬರ್ತಾನೆ ಅಂತ ಕಾಯೋ ಸಮಾಜಕ್ಕಿಂತ, ಸದಾ ಬಾಗಿಲು ತೆರೆದಿರೋ ಸರ್ಕಾರಿ ಆಸ್ಪತ್ರೆ ಮೇಲು.

ಆದರೆ ಶ್ರೀರಾಮನಗರದ ಆ ಹಿರಿಯರ ಎಡಗಣ್ಣಿಗೂ ಈಗ ಪೊರೆ ಬಂದಿದೆ. ಆಪರೇಷನ್ ಪುಕ್ಕಟೆ ಅಂತ ಅವರಿಗೆ ಗೊತ್ತು. ಭತ್ತದ ಕೊಯ್ಲು ಮುಗಿದು ಮಗನಿಗೆ ಬಿಡುವಾಗಲಿ ಅಂತ ಕಾಯ್ತಿದ್ದಾರೆ.

ಡೇರೆ ಬೇಡ, ನಿಜ. ಮೋದಿಯವರ ಹುಡುಕಾಟವನ್ನೂ ಯಾಕೆ ಬಿಟ್ಟೆವು? ಮುಂದಿನ ಸಲ ಓಟು ಕೇಳೋಕೆ ಬಂದವರು ಆಸ್ಪತ್ರೆ ಕಟ್ಟಡದ ಫೋಟೊ ತೋರಿಸಿದರೆ, ನಮ್ಮ ಓಣಿಯ ಮುದುಕರ ಕಣ್ಣು ನೋಡೋಕೆ ಮನೆವರೆಗೆ ಯಾರು ಬಂದಿದ್ರು, ಆಸ್ಪತ್ರೆಗೆ ಕರ್ಕೊಂಡು ಹೋದವರು ಯಾರು ಅಂತ ಕೇಳಿ.