ಕಾಮು ಯಾವ ಊರಿನವನು?

ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೊಸಬರು ಬಂದರೆ ನಾವು ಮೊದಲು ಕೇಳೋದು, ನಿಮ್ಮದು ಯಾವ ಊರು ಅಂತ. ಉತ್ತರ ಹೇಳೋಕೆ ಹೆಚ್ಚು ಯೋಚಿಸಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಜನರ ಇನಿಷಿಯಲ್‌ನಲ್ಲೇ ಊರು ಮತ್ತು ಅಪ್ಪನ ಹೆಸರು ಎರಡೂ ಕೂತಿರುತ್ತವೆ. ಆದರೆ ನೊಬೆಲ್ ಪಡೆದ ಲೇಖಕನೊಬ್ಬನಿಗೆ ತನ್ನ ಅಪ್ಪನ ಕಡೆಯವರ ಮೂಲ ಊರು ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೂ ತಪ್ಪಾಗಿತ್ತು. ಅವನೇ ಆಲ್ಬರ್ಟ್ ಕಾಮು.

ಕಾಮು ಹುಟ್ಟಿದ್ದು 1913ರ ನವೆಂಬರ್ 7ರಂದು, ಆಗ ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದ ಮೊಂಡೋವಿ ಎಂಬಲ್ಲಿ. ಅಪ್ಪ ಲೂಸಿಯೆನ್ ಒಂದು ವೈನ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಮರುವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಲೂಸಿಯೆನ್‌ಗೆ ಕರೆ ಬಂತು. ಮಾರ್ನ್ ಕದನದಲ್ಲಿ ಗಾಯಗೊಂಡು, 1914ರ ಅಕ್ಟೋಬರ್ 11ರಂದು ಬ್ರಿಟನಿ ಪ್ರಾಂತ್ಯದ ಸೇಂತ್ ಬ್ರಿಯೆ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 28. ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆಸ್ಪತ್ರೆಯವರು ಅವನ ದೇಹದಿಂದ ತೆಗೆದ ಶೆಲ್ ಚೂರನ್ನು ಹೆಂಡತಿಗೆ ಕಳಿಸಿಕೊಟ್ಟರು.

ಅಮ್ಮ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಲ್ಜಿಯರ್ಸ್‌ನ ಬೆಲ್‌ಕೂರ್ ಎಂಬ ಬಡವರ ಬಡಾವಣೆಯಲ್ಲಿದ್ದ ತವರಿಗೆ ಬಂದಳು. ಅವಳ ಕಡೆಯವರು ಸ್ಪೇನಿನ ಮಿನೋರ್ಕಾ ದ್ವೀಪದವರು. ಅವಳಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಓದು ಬರಹ ಬರುತ್ತಿರಲಿಲ್ಲ. ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದಳು. ಮನೆಯಲ್ಲಿ ಅಜ್ಜಿಯದೇ ದರ್ಬಾರು. ಹುಡುಗ ದುಡಿಯಲಿ ಅನ್ನೋ ಅಜ್ಜಿಯನ್ನು ಒಪ್ಪಿಸಿ, ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದವರು ಲೂಯಿ ಜೆರ್ಮೆನ್ ಎಂಬ ಪ್ರೈಮರಿ ಮೇಷ್ಟ್ರು. 1957ರಲ್ಲಿ ನೊಬೆಲ್ ಬಂದಾಗ ಕಾಮು ತನ್ನ ಭಾಷಣವನ್ನು ಅರ್ಪಿಸಿದ್ದು ಇದೇ ಮೇಷ್ಟ್ರಿಗೆ.

ಆ ಮನೆಯಲ್ಲಿ ಅಪ್ಪನ ಬಗ್ಗೆ ಹೇಳೋರೇ ಇರಲಿಲ್ಲ. ಅಮ್ಮನಿಗೆ ಮಾತು ಕಡಿಮೆ. ಅಪ್ಪನೋ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಅನಾಥಾಶ್ರಮದಲ್ಲಿ ಬೆಳೆದವನು. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಹೇಗೋ ಸರಿ ಮಾಡಬಹುದು. ಇಲ್ಲಿ ಪಕ್ಕಪಕ್ಕದ ಎರಡು ಕೊಂಡಿಗಳೇ ಹೋಗಿದ್ದವು. ಉಳಿದದ್ದು ಒಂದೇ ನಂಬಿಕೆ: ಅಪ್ಪನ ಕಡೆಯವರು ಅಲ್ಸಾಸ್‌ನವರು. 1871ರಲ್ಲಿ ಜರ್ಮನಿ ಆ ಪ್ರಾಂತ್ಯವನ್ನು ಕಿತ್ತುಕೊಂಡಾಗ, ಫ್ರೆಂಚರಾಗಿಯೇ ಉಳಿಯಬೇಕು ಅಂತ ಕೆಲವರು ಮನೆಮಠ ಬಿಟ್ಟು ಅಲ್ಜೀರಿಯಾಕ್ಕೆ ಹೋಗಿದ್ದು ನಿಜ. ಕಾಮು ತನ್ನವರೂ ಅವರಲ್ಲೇ ಸೇರಿದವರು ಅಂದುಕೊಂಡಿದ್ದ.

ದಾಖಲೆಗಳು ಬೇರೆಯೇ ಹೇಳುತ್ತವೆ. ಫ್ರಾನ್ಸಿನಲ್ಲಿ 1792ರಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರವೇ ಬರೆದಿಡುತ್ತದೆ. ವಸಾಹತಿಗೂ ಈ ಪದ್ಧತಿ ಹೋಯಿತು. ಮದುವೆಯ ಪುಟದಲ್ಲಿ ಗಂಡು ಹೆಣ್ಣು ಇಬ್ಬರೂ ಹುಟ್ಟಿದ ಊರು, ಅಪ್ಪ ಅಮ್ಮಂದಿರ ಹೆಸರು ಸಿಗುತ್ತೆ. ಆ ಹೆಸರು ಹಿಡಿದು ಹಿಂದಿನ ತಲೆಮಾರಿನ ಪುಟಕ್ಕೆ ಹೋಗಬೇಕು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಜೀವನಚರಿತ್ರೆಕಾರರು ತಲುಪಿದ್ದು ಅಲ್ಸಾಸ್‌ಗಲ್ಲ, ದೇಶದ ಇನ್ನೊಂದು ತುದಿಯಲ್ಲಿರುವ ಬೋರ್ಡೋಗೆ. ಕಾಮುವಿನ ಮುತ್ತಾತ ಕ್ಲೋದ್ ಕಾಮು ಅಲ್ಲಿಂದ ಬಂದವನು. 1871ಕ್ಕೂ ಎಷ್ಟೋ ಮೊದಲೇ ಕುಟುಂಬ ಅಲ್ಜೀರಿಯಾ ಸೇರಿತ್ತು. ಅಂಥ ಪುಟಗಳನ್ನು ಇಂದು ದಕ್ಷಿಣ ಫ್ರಾನ್ಸಿನ ಏಕ್ಸ್ ಆನ್ ಪ್ರೊವಾನ್ಸ್‌ನ ದಾಖಲಾಲಯದಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದಾರೆ.

ಈ ವ್ಯತ್ಯಾಸ ಸಣ್ಣದಲ್ಲ ಅಂತ ನಮಗನ್ನಿಸುತ್ತೆ. ದೇಶಕ್ಕಾಗಿ ಮನೆ ಬಿಟ್ಟವರ ಕಥೆಗೆ ಒಂದು ಗೌರವ ಇದೆ. 1830ರಲ್ಲಿ ಸೈನ್ಯ ಗೆದ್ದುಕೊಂಡ ನೆಲಕ್ಕೆ ಬದುಕು ಹುಡುಕಿ ಹೋದವರ ಕಥೆಯಲ್ಲಿ, ಆ ನೆಲ ಮೊದಲು ಯಾರದಾಗಿತ್ತು ಅನ್ನೋ ಪ್ರಶ್ನೆ ಎದ್ದೇಳುತ್ತೆ. 1939ರಲ್ಲಿ ಪತ್ರಕರ್ತನಾಗಿ ಕಬೀಲಿಯಾ ಪ್ರದೇಶದ ಸ್ಥಳೀಯರ ಹಸಿವಿನ ಬಗ್ಗೆ ಸರಣಿ ವರದಿ ಬರೆದಿದ್ದ ಕಾಮುಗೆ ಆ ಪ್ರಶ್ನೆ ಗೊತ್ತಿಲ್ಲದ್ದೇನಲ್ಲ. 1954ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾದ ಮೇಲಂತೂ ಅದು ಬೀದಿಗೇ ಬಂತು.

1947ರಲ್ಲಿ ಕಾಮು ಸೇಂತ್ ಬ್ರಿಯೆಗೆ ಹೋಗಿ ಅಪ್ಪನ ಸಮಾಧಿ ನೋಡಿದ. ಆಗ ಅವನಿಗೆ 33. ಅಂದರೆ ಮಣ್ಣಲ್ಲಿ ಮಲಗಿದ್ದ ಅಪ್ಪ ಮಗನಿಗಿಂತ ಚಿಕ್ಕವನು! ಮುಂದೆ ಇದೇ ಅನುಭವ ‘ದಿ ಫಸ್ಟ್ ಮ್ಯಾನ್’ ಕಾದಂಬರಿಗೆ ಬಂತು. ಅದರ ನಾಯಕ ಜಾಕ್ ಕೊರ್ಮೆರಿ ಅಪ್ಪನನ್ನು ಹುಡುಕಿಕೊಂಡು ಹುಟ್ಟೂರಿಗೂ ಹೋಗುತ್ತಾನೆ, ಸಿಗೋದು ಬಹಳ ಕಡಿಮೆ. ಕೊರ್ಮೆರಿ ಅನ್ನೋದು ಕಾಮುವಿನ ಅಪ್ಪನ ತಾಯಿಯ ಮನೆತನದ ಹೆಸರು.

ಆ ಪುಸ್ತಕ ಮುಗಿಯಲಿಲ್ಲ. 1960ರ ಜನವರಿ 4ರಂದು ಫ್ರಾನ್ಸಿನ ವಿಲ್‌ಬ್ಲೆವೆನ್ ಹತ್ತಿರ ಕಾರು ಮರಕ್ಕೆ ಬಡಿದು ಕಾಮು ಸತ್ತ. ವಯಸ್ಸು 46. ಅಪಘಾತದ ಜಾಗದಲ್ಲಿ ಸಿಕ್ಕ ಚೀಲದೊಳಗೆ ಕಾದಂಬರಿಯ 144 ಕೈಬರಹದ ಪುಟಗಳಿದ್ದವು. ಮಗಳು ಕ್ಯಾಥರೀನ್ ಅದನ್ನು ಪ್ರಕಟಿಸಿದ್ದು 1994ರಲ್ಲಿ.

ಇದನ್ನು ಬರೆಯುವಾಗ ನಮ್ಮ ಗೆಳೆಯರ ಗುಂಪಲ್ಲಿ ಮುತ್ತಜ್ಜಿಯರ ಹೆಸರು ಹೇಳೋಕೆ ಕೂತೆವು. ಊರು ಬಾಯಿಪಾಠ ಇದ್ದ ನಾವೇ ಅಲ್ಲಿ ತಡವರಿಸಿದೆವು. ಬಡವರ ಮನೆಯ ನೆನಪು ಬೇಗ ಅಳಿಸಿಹೋಗುತ್ತೆ ಅನ್ನೋದು ಕಾಮುವಿನ ಕಾದಂಬರಿ ತೋರಿಸೋ ಸತ್ಯ. ನಮಗಿನ್ನೂ ಕೇಳೋಕೆ ಜನ ಇದ್ದಾರೆ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ಅಜ್ಜಿಯ ತವರೂರು ಯಾವುದು ಅಂತಲೂ ಕೇಳಿ ಬರೆದಿಟ್ಟುಕೊಳ್ಳೋಣ.